ಬಣ್ಣದ ಅಂಗಿಯ ಕಾಗೆ

ನನ್ನ ಅಣ್ಣ ಮಧ್ವೇಶನಿಗೆ ಗೊತ್ತಿರುವುದು ಎರಡೇ ಹಕ್ಕಿ. ಒಂದು ಕಾಗೆ, ಇನ್ನೊಂದು ಅವನ ಹೋಟೆಲಿನ ಎಸಿ ಡಬ್ಬಿಯ ಮೇಲೆ ಹಿಕ್ಕೆ ಹಾಕುವ ಪಾರಿವಾಳ. ಉಳಿದದ್ದೆಲ್ಲ ಅವನಿಗೆ ‘ಎಂತದೋ ಪುಕ್ಕದ್ದು’. ಅಂಥವನನ್ನು ನಾನು ಕಾಗೆಯಿಂದಲೇ ಹಿಡಿಸಿಹಾಕಿದೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಆ ಹೆಮ್ಮೆ ಎಲ್ಲಿಯವರೆಗೆ ಬಂತು ಎಂಬುದನ್ನು ಆಮೇಲೆ ಹೇಳುತ್ತೇನೆ.

ನಮ್ಮಪ್ಪ ತಾರಾನಾಥ ರಾಯರು ಉಡುಪಿಯಿಂದ ಬಂದು ಮುಂಬಯಿ ಪಕ್ಕದ ಠಾಣೆಯ ಮಾಜಿವಾಡಾದಲ್ಲಿ ಹೋಟೆಲು ಹಾಕಿದವರು. ವಾರವಿಡೀ ಗಲ್ಲಾದಲ್ಲಿ ಕೂತು ಗಿರಾಕಿಗಳ ಮುಖ ನೋಡುತ್ತಿದ್ದ ಮನುಷ್ಯ, ಭಾನುವಾರ ಬಂತೆಂದರೆ ಕುತ್ತಿಗೆಗೆ ದುರ್ಬೀನು ನೇತುಹಾಕಿಕೊಂಡು ಬೇರೆಯೇ ಆಗಿಬಿಡುತ್ತಿದ್ದರು. ಮದುವೆಯಾಗದ ನಾನು ಡೊಂಬಿವಲಿಯಲ್ಲಿ ಒಬ್ಬಳೇ ಇರುವವಳು, ಒಂದು ಶಾಲೆಯ ಆಫೀಸಿನಲ್ಲಿ ಕೆಲಸ. ಅಪ್ಪ ಠಾಣೆಯಿಂದ, ನಾನು ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿದು ಕಲ್ಯಾಣದಲ್ಲಿ ಸೇರುತ್ತಿದ್ದೆವು. ಅಲ್ಲಿಂದ ಎಸ್‌ಟಿ ಬಸ್ಸು. ಮುರ್ಬಾಡ್ ದಾಟಿ, ಮಾಳ್ಶೇಜ್ ಘಾಟಿನ ಬುಡದಲ್ಲಿ ಇಳಿದು ಗದ್ದೆಯಂಚಿನಲ್ಲಿ ನಡೆದರೆ ಕಾಳು ನದಿಯ ಕಣಿವೆ.

ಮಳೆಗಾಲದಲ್ಲಿ ಅಲ್ಲಿ ಜಲಪಾತ ನೋಡಲು ಜನ ಕಿಕ್ಕಿರಿಯುತ್ತಾರೆ. ಚಳಿಗಾಲದಲ್ಲಿ ಯಾರೂ ಇರುವುದಿಲ್ಲ. ನದಿ ಬಂಡೆಗಳ ನಡುವೆ ಸಣ್ಣಗಾಗಿ ಹರಿಯುತ್ತದೆ, ಎರಡೂ ಕಡೆ ಕಡಿದಾದ ಕಪ್ಪು ಬೆಟ್ಟ, ನೀರಿನಂಚಿನಲ್ಲಿ ಬಾಲ ಕುಣಿಸುವ ಕುಂಡೆಕುಸ್ಕ, ಮೇಲಿನಿಂದ ಬೀಳುವ ಮಿಂಚುಳ್ಳಿ. ಅಪ್ಪ ಒಂದು ಚಪ್ಪಟೆ ಬಂಡೆಯ ಮೇಲೆ ಕೂತು, ಹೋಟೆಲಿನಿಂದ ಕಟ್ಟಿಸಿಕೊಂಡು ಬಂದ ಮೊಸರನ್ನ ಬಿಚ್ಚಿ, ಹಕ್ಕಿಗಳ ಸಂಸಾರದ ಕಥೆ ಹೇಳುತ್ತಿದ್ದರು. ಅಲ್ಲಿಯ ಅತ್ತಿಮರಕ್ಕೆ ಒಂದು ಮಟಪಕ್ಷಿ ಬರುತ್ತಿತ್ತು. ಕಂದು ಮೈ, ಕಪ್ಪು ತಲೆ, ಉದ್ದ ಬಾಲ.

“ನೋಡು ಮಗಾ, ಇದು ಕಾಗೆಯ ಕುಟುಂಬವೇ. ಬಣ್ಣದ ಅಂಗಿ ಹಾಕಿದ ಕಾಗೆ. ನಾನು ಸತ್ತ ಮೇಲೆ ಪಿಂಡ ಇಲ್ಲೇ ಇಡಿ. ಕಾಗೆಗೆ ಪುರುಸೊತ್ತು ಇಲ್ಲದಿದ್ದರೆ ಇದು ಬಂದರೂ ಅಡ್ಡಿ ಇಲ್ಲ ಅಂತ ಭಟ್ರಿಗೆ ಹೇಳು.”

“ಭಟ್ರು ಒಪ್ಪಬೇಕಲ್ಲ ಅಪ್ಪ.”

“ತಿನ್ನುವವನು ನಾನು. ಭಟ್ರು ಒಪ್ಪಿದರೆಷ್ಟು, ಬಿಟ್ಟರೆಷ್ಟು?”

ಅಪ್ಪನಿಗೆ ಸಿಟ್ಟು ಬರುತ್ತಿದ್ದದ್ದು ಒಂದೇ ವಿಷಯಕ್ಕೆ. ಫೋಟೋ ತೆಗೆಯುವ ಕೆಲವರು ಫೋನಿನಲ್ಲಿ ಗೂಬೆಯ ಕೂಗು ಹಾಕಿ ಸ್ಪೀಕರಿನಲ್ಲಿ ಬಿಡುತ್ತಾರೆ. ಗೂಬೆಯೆಂದರೆ ಹಗಲಿನ ಹಕ್ಕಿಗಳಿಗೆಲ್ಲ ಆಗದು. ಇದ್ದ ಕೆಲಸ ಬಿಟ್ಟು ಓಡಿಸಲು ಬರುತ್ತವೆ, ಇವರು ಚಕಚಕ ಫೋಟೋ ಹೊಡೆಯುತ್ತಾರೆ. ಒಮ್ಮೆ ಅಂಥವರ ಸ್ಪೀಕರನ್ನು ಅಪ್ಪ ಕೈಯಿಂದ ಕಿತ್ತು ಬಂದ್ ಮಾಡಿದ್ದರು. “ಸುಳ್ಳು ಹೇಳಿ ಹಕ್ಕಿಯನ್ನು ಕರೀಬಾರದು. ಪಾಪ, ಅದು ಮನೆ ಬಿಟ್ಟು ಬರ್ತದೆ” ಅಂದಿದ್ದರು. ನನ್ನ ಬಳಿಯೂ ಒಂದು ಸಣ್ಣ ಸ್ಪೀಕರ್ ಇತ್ತು. ಅಪ್ಪ ಬದುಕಿರುವವರೆಗೆ ಅದರಲ್ಲಿ ಹಾಡು ಬಿಟ್ಟರೆ ಬೇರೇನೂ ಕೇಳಿರಲಿಲ್ಲ.

ಜನವರಿ ಕೊನೆಯ ಭಾನುವಾರ ಕಣಿವೆಯಿಂದ ಮರಳುವಾಗ ಬಸ್ಸಿನಲ್ಲಿ ಅಪ್ಪ ಎದೆ ಉಜ್ಜಿಕೊಂಡರು. ಕೇಳಿದರೆ ಮೊಸರನ್ನ ಹುಳಿಯಾಗಿತ್ತು ಅಂದರು. ಅವರನ್ನು ಒಬ್ಬರನ್ನೇ ಕಳಿಸದೆ ಅವರೂ ಅಣ್ಣನ ಸಂಸಾರವೂ ಇದ್ದ ಮಾಜಿವಾಡಾದ ಮನೆಯವರೆಗೆ ನಾನೇ ಬಂದೆ. ಲಿಫ್ಟಿನಲ್ಲಿ ಎಡಗೈ ಜೋಮು ಹಿಡಿದಿದೆ ಅಂದರು. ಮನೆಯೊಳಗೆ ಹೋದವಳೇ ಅಣ್ಣನನ್ನು ಬಾಲ್ಕನಿಗೆ ಕರೆದು, ಇದು ಗ್ಯಾಸ್ ಅಲ್ಲ, ಈಗಲೇ ಆಸ್ಪತ್ರೆಗೆ ಹೋಗುವ ಅಂದೆ. ಅವನು ಫೋನಿನಲ್ಲಿದ್ದ. ಮರುದಿನ ಬೆಳಿಗ್ಗೆ ರಬಾಳೆಯಲ್ಲಿ ಅವನ ಹೊಸ ಹೋಟೆಲಿನ ಓಪನಿಂಗ್. ಕಾರ್ಖಾನೆಗಳ ನಡುವೆ ಜಾಗ ಸಿಕ್ಕಿದೆಯೆಂದು ಆರು ತಿಂಗಳಿಂದ ಕುಣಿಯುತ್ತಿದ್ದ.

“ಪ್ರಭಾ, ನಾನು ಕರ್ಕೊಂಡು ಹೋಗ್ತೇನೆ ಮಾರಾಯ್ತಿ. ಡ್ರೈವರ್ ಬರ್ತಾ ಇದ್ದಾನೆ. ನೀನು ಹೊರಡು, ಆಮೇಲೆ ಲೋಕಲ್ ಗಾಡಿಯಲ್ಲಿ ಕಾಲಿಡ್ಲಿಕ್ಕೆ ಜಾಗ ಇರೂದಿಲ್ಲ” ಅಂದ.

ನಾನು ನಂಬಿದೆ. ಹೆತ್ತ ಅಪ್ಪನ ವಿಷಯದಲ್ಲಿ ಅಣ್ಣನನ್ನು ನಂಬದೆ ಇನ್ನಾರನ್ನು ನಂಬುವುದು? ದಿವಾ ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ ಫೋನ್ ಮಾಡಿದೆ, ಎತ್ತಲಿಲ್ಲ. ಮನೆಗೆ ಬಂದು ಮಾಡಿದೆ. ‘ಆಲ್ ಓಕೆ’ ಎಂದು ಮೆಸೇಜು ಬಂತು. ಬೆಳಿಗ್ಗೆ ರಬಾಳೆಯ ಹೋಟೆಲಿನಲ್ಲಿ, ಹೂವಿನ ಹಾರ ಹಾಕಿದ ಬಾಗಿಲಲ್ಲಿ, ದೀಪ ಹಚ್ಚಲು ಬಗ್ಗಿದ ಅಪ್ಪ ಮತ್ತೆ ಏಳಲಿಲ್ಲ.

ನಾನು ಅಲ್ಲಿ ಮುಟ್ಟುವಷ್ಟರಲ್ಲಿ ಅಣ್ಣನ ಕಥೆ ತಯಾರಾಗಿತ್ತು. ಪ್ರಭಾ ಈ ವಯಸ್ಸಿನಲ್ಲಿ ಅವರನ್ನು ಗುಡ್ಡ ಹತ್ತಿಸಿದಳು. ಮನೆಗೆ ಬಂದಾಗ ಒಂದು ಮಾತೂ ಹೇಳದೆ ಬಿಟ್ಟುಹೋದಳು. ಹಕ್ಕಿ ಹುಚ್ಚಿಗೆ ಅಪ್ಪನನ್ನು ಬಲಿ ಕೊಟ್ಟಳು. ಬಾಲ್ಕನಿಯ ಮಾತನ್ನು ನಾನು ಹೇಳಿದೆ, ಯಾರೂ ನಂಬಲಿಲ್ಲ. ಹತ್ತು ಜನಕ್ಕೆ ಕೆಲಸ ಕೊಡುವವನ ಮಾತು ನಿಜ, ಬೈನಾಕ್ಯುಲರ್ ಹಿಡಿದು ಅಲೆಯುವ ಮದುವೆಯಾಗದವಳ ಮಾತು ಸುಳ್ಳು. ಅಪ್ಪನ ತಂಗಿ ವಿಮಲತ್ತೆ ನನ್ನನ್ನು ಎತ್ತಿ ಆಡಿಸಿದವರು. ಅವರೂ ನಾನು ಕೊಟ್ಟ ಕಾಫಿ ಲೋಟವನ್ನು ಹಾಗೇ ಕಿಟಕಿಯಲ್ಲಿಟ್ಟರು. ಅದರ ಮೇಲೆ ಕೆನೆ ಕಟ್ಟುವವರೆಗೆ ನಾನು ನೋಡುತ್ತ ನಿಂತಿದ್ದೆ.

ಬಾಲ್ಕನಿಯಲ್ಲಿ ಏನಾಯಿತೆಂದು ಗೊತ್ತಿದ್ದದ್ದು ನಮ್ಮಿಬ್ಬರಿಗೆ. ಆ ರಾತ್ರಿ ಆ ಮನೆಯಲ್ಲಿ ಏನಾಯಿತೆಂದು ಗೊತ್ತಿದ್ದ ಅಪ್ಪ ಸತ್ತುಹೋಗಿದ್ದರು. ಹಾಗಾದರೆ ಸತ್ತವರೇ ಸಾಕ್ಷಿ ಹೇಳಲಿ ಎಂದುಕೊಂಡೆ. ನಮ್ಮಲ್ಲಿ ಅದಕ್ಕೊಂದು ದಿನ ಇದೆ.

ಹತ್ತನೆಯ ದಿನ ನದಿಯ ದಡದಲ್ಲಿ ಪಿಂಡ ಇಟ್ಟು ಕಾಗೆಗೆ ಕಾಯುತ್ತಾರೆ. ಕಾಗೆ ಮುಟ್ಟಿದರೆ ಸತ್ತವರಿಗೆ ತೃಪ್ತಿ. ಮುಟ್ಟದಿದ್ದರೆ ಅವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ಅರ್ಥ. ಆಗ ಮನೆಯವರು ಒಬ್ಬೊಬ್ಬರೇ ಎದುರು ನಿಂತು, ನಿಮ್ಮ ಆಸೆ ನಡೆಸಿಕೊಡುತ್ತೇವೆ ಎಂದು ಮಾತು ಕೊಡಬೇಕು. ಸರಿಯಾದ ಮಾತು ಬಿದ್ದಾಗ ಕಾಗೆ ಇಳಿಯುತ್ತದೆ. ಊರಿನಲ್ಲಿ ಇದನ್ನು ನಂಬುವವರಿಗಿಂತ ಮುಂಬಯಿಯಲ್ಲಿ ನಂಬುವವರೇ ಹೆಚ್ಚು, ಅದರಲ್ಲೂ ಹೋಟೆಲಿನವರು. ನನಗೆ ನಂಬಿಕೆ ಇತ್ತೋ ಇಲ್ಲವೋ ಬೇರೆ ಮಾತು. ಅಣ್ಣನಿಗೆ ಇತ್ತು, ನನಗೆ ಅಷ್ಟು ಸಾಕಾಗಿತ್ತು.

ಜಾಗ ಕಾಳು ನದಿಯ ಕಣಿವೆಯೇ ಆಗಬೇಕೆಂದು ಹಟ ಹಿಡಿದದ್ದು ವಿಮಲತ್ತೆ. “ಅಣ್ಣ ಯಾವಾಗಲೂ ಹೇಳ್ತಿದ್ದ” ಅಂದರು. ನನ್ನ ಅಣ್ಣ ಒಪ್ಪಿದ. ಒಪ್ಪುವಾಗ ನನ್ನ ಕಡೆ ನೋಡಿ, “ಆಯ್ತು, ಇವಳ ಕಣಿವೆಯೇ ತಿಂದದ್ದು, ಅಲ್ಲಿಯೇ ಮುಗಿಸುವ” ಅಂದ. ಎಲ್ಲರೂ ತಲೆಯಾಡಿಸಿದರು. ಆ ಕ್ಷಣಕ್ಕೆ ನನ್ನ ಎದೆಯಲ್ಲಿ ಸಿಟ್ಟು ಕುದಿಯುವುದು ನಿಂತು ತಣ್ಣಗಾಯಿತು. ಕುದಿಯುವ ಸಿಟ್ಟು ಬಾಯಲ್ಲಿ ಹೋಗುತ್ತದೆ, ತಣ್ಣಗಿನದು ಕೆಲಸ ಮಾಡುತ್ತದೆ.

ಆ ದಿನ ಜಾಗ ಚೊಕ್ಕ ಮಾಡುವ ನೆಪದಲ್ಲಿ ಎಲ್ಲರಿಗಿಂತ ಮೊದಲೇ ಹೋದೆ. ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಆಚೆ ದಡಕ್ಕೆ ದಾಟಿ, ಅತ್ತಿಮರದ ಕವಲಿನಲ್ಲಿ ಸ್ಪೀಕರ್ ಸಿಕ್ಕಿಸಿ ಎಲೆ ಮುಚ್ಚಿದೆ. ಈಚೆ ದಡದಿಂದ ಫೋನ್ ಒತ್ತಿ ನೋಡಿದೆ. ‘ಹುಹೂಂ’ ಎಂದು ಕೊಂಬಿನ ಗೂಬೆ ಕೂಗಿತು. ಅಪ್ಪ ಯಾವಾಗಲೂ ಕೂರುತ್ತಿದ್ದ ಬಂಡೆಯ ಕಡೆ ನಾನು ತಿರುಗಿ ನೋಡಲಿಲ್ಲ.

ಮೂರು ಕಾರುಗಳಲ್ಲಿ ಅವರು ಬಂದರು. ಅಣ್ಣ, ಅತ್ತಿಗೆ, ಅವರ ಮಗಳು ತನ್ವಿ, ವಿಮಲತ್ತೆ, ಡೊಂಬಿವಲಿಯ ಮುರಾರಿ ಭಟ್ಟರು, ಜೊತೆಗೆ ಏಳೆಂಟು ನೆಂಟರು. ತಲೆ ಬೋಳಿಸಿಕೊಂಡು ಒದ್ದೆ ಪಂಚೆಯಲ್ಲಿ ಚಳಿಗೆ ನಡುಗುತ್ತಿದ್ದ ಅಣ್ಣನನ್ನು ಕಂಡು ನನಗೆ ಕನಿಕರ ಬರಬೇಕಿತ್ತು, ಬರಲಿಲ್ಲ. ಮಂತ್ರವೆಲ್ಲ ಮುಗಿದ ಮೇಲೆ ಭಟ್ಟರು ಎಳ್ಳು ಹಾಕಿದ ಅನ್ನದ ಪಿಂಡವನ್ನು ಬಾಳೆಲೆಯಲ್ಲಿಟ್ಟು ಆ ಚಪ್ಪಟೆ ಬಂಡೆಯ ಮೇಲೆ ಇರಿಸಿದರು. ಎಲ್ಲರೂ ಹಿಂದೆ ಸರಿದು ನಿಂತೆವು. ಅಣ್ಣ ಒದ್ದೆ ಕೈ ತಟ್ಟಿ ಕಾಗೆಯನ್ನು ಕರೆದ.

ಕಾಡುಕಾಗೆಗಳು ಆಗಲೇ ಬಂದಿದ್ದವು. ನಾಲ್ಕೈದು ಹತ್ತಿರದ ಮರದಲ್ಲಿ ಕೂತು ಕತ್ತು ಓರೆ ಮಾಡಿ ನೋಡುತ್ತಿದ್ದವು. ಒಂದು ಕೆಳಗಿಳಿದು ಬಂಡೆಯ ಕಡೆ ಎರಡು ಹೆಜ್ಜೆ ಕುಪ್ಪಳಿಸಿತು. ಅಣ್ಣನ ಮುಖ ಅರಳಿತು. ನಾನು ಸೆರಗಿನೊಳಗೆ ಫೋನ್ ಒತ್ತಿದೆ.

ಕೂಗು ಕೇಳಿದ್ದೇ ತಡ, ಕಾಗೆಗಳಿಗೆ ಮೈಮೇಲೆ ಬಂದಂತಾಯಿತು. ಎದುರಿಗಿದ್ದ ಅನ್ನ ಬಿಟ್ಟು, ಒಂದೇ ಸಮನೆ ಬೊಬ್ಬೆ ಹೊಡೆಯುತ್ತ ನದಿ ದಾಟಿ ಅತ್ತಿಮರಕ್ಕೆ ಮುತ್ತಿದವು. ನಾನು ಕೂಗು ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಒಂದೆರಡು ಮರಳಿ ಬಂದವು. ಮತ್ತೆ ಅಣ್ಣನ ಮುಖದಲ್ಲಿ ಆಸೆ. ಮತ್ತೆ ನಾನು ಒತ್ತಿದೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಅಂದು ನಾನು ಬೆಕ್ಕಾಗಿದ್ದೆ. ಸುಳ್ಳೇಕೆ ಹೇಳಲಿ, ಖುಷಿಯಾಗುತ್ತಿತ್ತು.

“ಹಗಲಿಗೆ ಗೂಬೆ ಕೂಗ್ತಾ ಉಂಟಲ್ಲ ಭಟ್ರೇ” ಎಂದು ವಿಮಲತ್ತೆ ಎದೆ ಮೇಲೆ ಕೈಯಿಟ್ಟುಕೊಂಡರು. “ಅಣ್ಣನ ಜೀವ ಎಲ್ಲಿಯೋ ಸಿಕ್ಕಿಕೊಂಡಿದೆ.”

ಭಟ್ಟರೂ ಇಂಥದ್ದನ್ನು ಕಂಡಿರಲಿಲ್ಲ. ಮಾತು ಕೊಡಿ ಎಂದರು. ಅತ್ತೆ ಮುಂದೆ ಹೋಗಿ, ನಿನ್ನ ಹೆಸರಿನಲ್ಲಿ ಮಠಕ್ಕೆ ಸೇವೆ ಮಾಡಿಸುತ್ತೇನೆ ಅಂದರು. ಅತ್ತಿಗೆ ಕೈಮುಗಿದು, “ಮಾವಾ, ರಬಾಳೆಯ ಹೋಟೆಲಿಗೆ ನಿಮ್ಮದೇ ಹೆಸರು ಇಡ್ತೇವೆ” ಅಂದಳು. ಬೋರ್ಡು ಆಗಲೇ ಬರೆಸಿ ಆಗಿತ್ತು, ಅದರಲ್ಲಿ ಅವಳ ಅಪ್ಪನ ಮನೆದೇವರ ಹೆಸರಿತ್ತು. ಅಣ್ಣ ಪ್ರತಿವರ್ಷ ಅನ್ನದಾನ ಎಂದ, ತಿರುಪತಿ ಎಂದ, ಗೋಶಾಲೆ ಎಂದ. ಪ್ರತಿಯೊಂದಕ್ಕೂ ಆಚೆ ದಡದಿಂದ ‘ಹುಹೂಂ’ ಎಂದೇ ಉತ್ತರ. ತನ್ವಿ ಅಳುಮೋರೆ ಮಾಡಿ ನನ್ನ ಪಕ್ಕಕ್ಕೆ ಬಂದಳು. ಠಾಣೆಯಲ್ಲೇ ಹುಟ್ಟಿದ ಹುಡುಗಿ, ಕನ್ನಡ ತಿಳಿಯುತ್ತದೆ, ಬಾಯಿಗೆ ಹಿಂದಿಯೇ ಬರುವುದು.

“ಅತ್ತೆ, ಅಜ್ಜ ನಾರಾಜ್ ಹೈ ಕ್ಯಾ?”

“ಸಿಟ್ಟು ಬಂದಿರಬಹುದು” ಅಂದೆ.

ಬಿಸಿಲು ಏರಿತು. ಬಾಳೆಲೆಯ ಅಂಚು ಬಾಡತೊಡಗಿತು. ಮುರಾರಿ ಭಟ್ಟರು ದನಿ ತಗ್ಗಿಸಿ ಅಣ್ಣನಿಗೆ ಹೇಳಿದರು. “ಮಧ್ವೇಶ್, ಕೊಡ್ತೇನೆ ಅನ್ನುವ ಮಾತೆಲ್ಲ ಆಯ್ತು. ಹೇಳದೆ ಉಳಿದದ್ದು ಏನಾದರೂ ಉಂಟಾ? ಇದ್ದರೆ ಈಗಲೇ ಹೇಳಿಬಿಡಿ.”

ಭಟ್ಟರು ಎಲ್ಲರಿಗೂ ಹೇಳುವ ಮಾತೇ ಅದು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಣ್ಣ ಥಟ್ಟನೆ ನನ್ನ ಕಡೆ ತಿರುಗಿದ. ನಾನು ಕಣ್ಣು ತಪ್ಪಿಸದೆ ನಿಂತೆ, ಇನ್ನೊಮ್ಮೆ ಒತ್ತಿದೆ. ಗೂಬೆ ಕೂಗಿತು, ಕಾಗೆಗಳು ಅಬ್ಬರಿಸಿದವು, ಅಣ್ಣ ಬಂಡೆಯೆದುರು ಕುಸಿದು ಕೂತ.

“ಅಪ್ಪಾ, ಪ್ರಭಾ ಹೇಳಿದ್ದಳು. ಬಾಲ್ಕನಿಗೆ ಕರೆದು, ಈಗಲೇ ಆಸ್ಪತ್ರೆಗೆ ಹೋಗುವ ಅಂದಿದ್ದಳು. ನಾನು ಹೂಂ ಅಂತ ಅವಳನ್ನು ಕಳಿಸಿದೆ. ಹೋಗಲಿಲ್ಲ. ಜನರ ಹತ್ತಿರ ಸುಳ್ಳು ಹೇಳಿದ್ದು ನಾನು.”

ವಿಮಲತ್ತೆ ಬಂದು ನನ್ನ ಕೈ ಹಿಡಿದುಕೊಂಡರು. ಹತ್ತು ದಿನದಿಂದ ನಾನು ಕಾದದ್ದು ಇದಕ್ಕೇ. ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಜಕ್ಕೂ ನಿಲ್ಲಿಸಿದೆ, ಫೋನ್ ಬಂದ್ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಆದರೆ ಅಣ್ಣ ನಿಲ್ಲಿಸಲಿಲ್ಲ. ಒಮ್ಮೆ ಬಾಯಿ ಬಿಟ್ಟವನಿಗೆ ಮುಚ್ಚಲು ಬರಲಿಲ್ಲ.

“ನಡುರಾತ್ರಿ ನೀವು ಎದ್ದು ಬಂದು ನನ್ನ ಬಾಗಿಲು ತಟ್ಟಿದಿರಿ. ನೋವು ತಡೀಲಿಕ್ಕೆ ಆಗೂದಿಲ್ಲ ಮಗಾ ಅಂದಿರಿ. ಬೆಳಿಗ್ಗೆ ದೀಪ ಹಚ್ಚುವವರೆಗೆ ಹೇಗಾದರೂ ತಡ್ಕೊಳ್ಳಿ ಅಪ್ಪ, ಕಾರ್ಡಿನಲ್ಲಿ ನಿಮ್ಮ ಹೆಸರು ಹಾಕಿಸಿದ್ದೇನೆ ಅಂದೆ. ನೀವು ಆಯ್ತು ಮಗಾ ಅಂದಿರಿ. ಹೋಗಿ ಮಲಗಿದಿರಿ.”

ಇದು ನನಗೆ ಗೊತ್ತಿರಲಿಲ್ಲ. ಮರೆತಿದ್ದಾನೆ, ಗ್ಯಾಸೆಂದು ಉದಾಸೀನ ಮಾಡಿದ್ದಾನೆ ಎಂದುಕೊಂಡಿದ್ದೆ. ಅಪ್ಪ ಬಾಗಿಲು ತಟ್ಟಿದ್ದರು. ಕೇಳಿದ್ದರು. ಆಯ್ತು ಮಗಾ ಅಂದು ಕತ್ತಲಲ್ಲಿ ಗೋಡೆ ಹಿಡಿದುಕೊಂಡು ತಮ್ಮ ಕೋಣೆಗೆ ವಾಪಸಾಗಿದ್ದರು. ಅತ್ತೆಯ ಕೈಯಿಂದ ನನ್ನ ಕೈ ಬಿಡಿಸಿಕೊಂಡೆ.

ಎಲ್ಲರೂ ಮರದ ಕಡೆ ನೋಡುತ್ತಿದ್ದರು. ಸತ್ಯ ಹೇಳಿಯಾಗಿದೆ, ಇನ್ನು ಕಾಗೆ ಬರಬೇಕು. ನಾನೂ ಹಾಗೇ ಎಣಿಸಿದ್ದೆ. ಕೂಗು ನಿಂತು ಎಷ್ಟೋ ಹೊತ್ತಾದರೂ ಕಾಗೆಗಳು ಅತ್ತಿಮರ ಬಿಡಲಿಲ್ಲ. ಇಲ್ಲದ ಗೂಬೆಯನ್ನು ಕೊಂಬೆಕೊಂಬೆಯಲ್ಲಿ ಹುಡುಕುತ್ತ, ಎಲೆ ಕುಕ್ಕುತ್ತ, ಒಂದನ್ನೊಂದು ಹುರಿದುಂಬಿಸುತ್ತ ಅಲ್ಲೇ ಸುತ್ತುತ್ತಿದ್ದವು. ಹಿಂಡುಹಿಂಡಾಗಿ ಇನ್ನಷ್ಟು ಬಂದು ಸೇರಿದವು. ಅನ್ನದ ಕಡೆ ಒಂದೂ ಕತ್ತು ತಿರುಗಿಸಲಿಲ್ಲ. ಅಣ್ಣ ಕೈ ತಟ್ಟಿ ತಟ್ಟಿ ಸೋತ.

ಆಗ ನೀರಿನ ಮೇಲೆ ತಗ್ಗಿ ಹಾರುತ್ತ ಮಟಪಕ್ಷಿ ಬಂತು. ಕಂದು ಮೈ, ಕಪ್ಪು ತಲೆ, ಉದ್ದ ಬಾಲ. ಆ ಗಲಾಟೆಗೆ ಸೇರದೆ, ನೇರವಾಗಿ ಬಂಡೆಯ ಮೇಲಿಳಿದು, ಬಾಳೆಲೆಯ ಪಕ್ಕ ನಿಂತಿತು. ಪಿಂಡವನ್ನು ಒಮ್ಮೆ, ನಮ್ಮನ್ನು ಒಮ್ಮೆ ನೋಡಿತು.

“ಹುಶ್” ಎಂದು ಭಟ್ಟರು ಮೈಮೇಲಿನ ಶಾಲು ಎತ್ತಿದರು.

“ತಾಳಿ ಭಟ್ರೇ” ಅಂದ ಅಣ್ಣ. ಜೀವಮಾನದಲ್ಲಿ ಮೊದಲ ಸಲ ಅವನು ಒಂದು ಹಕ್ಕಿಯನ್ನು ಕಣ್ಣಿಟ್ಟು ನೋಡುತ್ತಿದ್ದ. ಮೊಣಕಾಲ ಮೇಲೆಯೇ ನನ್ನ ಕಡೆ ತಿರುಗಿದ. ಬೋಳುತಲೆಯಲ್ಲಿ ಬೆವರು, ಕಣ್ಣಲ್ಲಿ ನೀರು. “ಪ್ರಭಾ, ಇದು ಎಂತ ಹಕ್ಕಿ? ಕಾಗೆಯ ಜಾತಿಯದ್ದಾ? ನಿನಗೆ ಗೊತ್ತುಂಟಲ್ಲ. ಅಪ್ಪ ನಿನ್ನ ಹತ್ತಿರ ಎಲ್ಲ ಹೇಳ್ತಿದ್ದರಲ್ಲ.”

ಎಲ್ಲರೂ ನನ್ನ ಮುಖ ನೋಡಿದರು. ಭಟ್ಟರು ಕೂಡ ಶಾಲು ಎತ್ತಿದ ಕೈಯನ್ನು ಹಾಗೇ ಹಿಡಿದು ಕಾದರು. ಹತ್ತು ದಿನ ನನ್ನ ಒಂದು ಮಾತನ್ನೂ ನಂಬದ ಜನ, ಈಗ ನಾನು ಏನೇ ಹೇಳಿದರೂ ನಂಬುವವರಿದ್ದರು. ಅಪ್ಪನ ಮಾತು ನಾಲಿಗೆಯ ತುದಿಯಲ್ಲಿತ್ತು. ಆ ಬಂಡೆಯ ಮೇಲೆ ಕೂತು, ಮೊಸರನ್ನದ ಕೈ ಎತ್ತಿ ತೋರಿಸಿ ಅವರು ಹೇಳಿದ ಹಾಗೆಯೇ ಇತ್ತು. ಅದರ ಹಿಂದೆಯೇ, ನಡುರಾತ್ರಿ ಬಾಗಿಲು ತಟ್ಟಿದ ಸದ್ದು.

“ಅಲ್ಲ” ಅಂದೆ. “ಅದು ಕಾಗೆ ಅಲ್ಲ.”

ಭಟ್ಟರು ಶಾಲು ಬೀಸಿದರು. ಮಟಪಕ್ಷಿ ಒಂದು ಹೆಜ್ಜೆ ಹಿಂದೆ ಸರಿದು, ಹೋಗಲೋ ಬೇಡವೋ ಎಂಬಂತೆ ನಿಂತು, ಇನ್ನೊಮ್ಮೆ ಬೀಸಿದಾಗ ಎದ್ದು ಹೋಯಿತು. ಕೊನೆಗೆ ಭಟ್ಟರು ದರ್ಭೆ ಮಡಚಿ ಕಾಗೆಯ ಆಕಾರ ಮಾಡಿ, ಅಣ್ಣನ ಕೈಯಿಂದ ಪಿಂಡಕ್ಕೆ ಮುಟ್ಟಿಸಿದರು. ಶಾಸ್ತ್ರದಲ್ಲಿ ಅದಕ್ಕೂ ದಾರಿ ಇದೆಯಂತೆ. ಬದುಕಿಡೀ ಹಕ್ಕಿ ನೋಡಿದ ನಮ್ಮಪ್ಪನಿಗೆ ಕೊನೆಗೆ ಬಂದದ್ದು ಹುಲ್ಲಿನ ಹಕ್ಕಿ. ಪಿಂಡವನ್ನು ನೀರಿಗೆ ಬಿಟ್ಟಾಗ ಅದು ಕಲ್ಲುಗಳ ನಡುವೆ ಒಡೆದು ಬೆಳ್ಳಗೆ ಹರಡಿತು. ಅದನ್ನು ಮಾತ್ರ ಹೆಚ್ಚು ಹೊತ್ತು ನೋಡಲಾಗದೆ ಮುಖ ತಿರುಗಿಸಿದೆ.

ಈಗ ನೆಂಟರೆಲ್ಲ ಮತ್ತೆ ಮಾತಾಡಿಸುತ್ತಾರೆ. ವಿಮಲತ್ತೆ ನನ್ನ ಮನೆಗೇ ಬಂದು ಕಾಫಿ ಕೇಳಿ ಕುಡಿಯುತ್ತಾರೆ. ಅಣ್ಣ ಇಳಿದುಹೋಗಿದ್ದಾನೆ. ಅಮಾವಾಸ್ಯೆ ಬಂದರೆ ಮಾಜಿವಾಡಾದ ಹೋಟೆಲಿನ ಟೆರೇಸಿನಲ್ಲಿ ಅನ್ನ ಇಡುತ್ತಾನೆ. ಮಾಜಿವಾಡಾದ ಕಾಗೆಗಳಿಗೆ ಹೈವೇಯ ಧೂಳು ಬಿಟ್ಟರೆ ಬೇರೆ ಏನು ಸಿಗುತ್ತದೆ, ಇಟ್ಟ ಕೈ ತೆಗೆಯುವುದರೊಳಗೆ ಮುಗಿಸುತ್ತವೆ. ತಕ್ಷಣ ನನಗೆ ಫೋನ್ ಬರುತ್ತದೆ.

“ಪ್ರಭಾ, ತಿಂದವು. ಇದು ಲೆಕ್ಕಕ್ಕೆ ಬರ್ತದಾ? ಅಪ್ಪನ ಸಿಟ್ಟು ಇಳಿದಿರಬಹುದಾ?”

“ಅವು ಪೇಟೆ ಕಾಗೆ ಅಣ್ಣ. ಅಲ್ಲಿದ್ದದ್ದು ಕಾಡುಕಾಗೆ. ಅದು ಬೇರೆ, ಇದು ಬೇರೆ” ಎನ್ನುತ್ತೇನೆ.

ಅವನು ಫೋನ್ ಇಡುತ್ತಾನೆ. ಭಾನುವಾರ ಒಬ್ಬಳೇ ಕಣಿವೆಗೆ ಹೋಗುತ್ತೇನೆ, ಅಪ್ಪನ ದುರ್ಬೀನು ಈಗ ನನ್ನ ಕುತ್ತಿಗೆಯಲ್ಲಿದೆ. ಕುಂಡೆಕುಸ್ಕ ನೋಡುತ್ತೇನೆ, ಮಿಂಚುಳ್ಳಿ ನೋಡುತ್ತೇನೆ. ಅತ್ತಿಮರಕ್ಕೆ ಮಟಪಕ್ಷಿ ಬಂದರೆ ದುರ್ಬೀನು ಕೆಳಗಿಳಿಸುತ್ತೇನೆ. ಅಪ್ಪ ಅಂದು ಹೇಳಿದ ಮಾತನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಹೇಳಿದರೆ ಅಣ್ಣನಿಗೆ ಆ ರಾತ್ರಿ ನಿದ್ದೆ ಬರುತ್ತದೆ.